ಬೆಳ್ಳಕ್ಕಿ ಚಂದ, ಟ್ರ್ಯಾಕ್ಟರ್ ಯಾಕೆ ಬೇಡ?

ಮೊನ್ನೆ ಊರಿಂದ ವಾಪಸ್ ಬಂದವನು ಆಫೀಸಿನಲ್ಲಿ ಗೆಳೆಯನೊಬ್ಬನಿಗೆ ಒಂದು ಫೋಟೋ ತೋರಿಸಿದೆ. ಉತ್ತು ನೀರು ನಿಲ್ಲಿಸಿದ ಕೆಸರುಗದ್ದೆ, ಅದರೊಳಗೆ ಬೆಳಗಿನ ಆಕಾಶ ಪೂರ್ತಿ ಬಿದ್ದಿದೆ, ಹಿಂದೆ ಒಂದು ಗೆರೆಯಷ್ಟು ಹಸಿರು ಸಸಿಮಡಿ, ನಡುವೆ ಒಟ್ಟಿಗೇ ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಗಳು.

"ಯಾವೂರೋ ಇದು, ಕೇರಳಾನಾ?"

"ಸಿಂಧನೂರು."

"ಅಂದ್ರೆ?"

"ರಾಯಚೂರು ಜಿಲ್ಲೆ."

ಅವನು ಫೋನನ್ನು ಇನ್ನೂ ಹತ್ತಿರ ಹಿಡಿದು ನೋಡಿ, "ಸುಮ್ನಿರೋ, ರಾಯಚೂರಲ್ಲಿ ಇರೋದು ಎರಡೇ. ಒಂದು ಬಿಸಿಲು, ಇನ್ನೊಂದು ಥರ್ಮಲ್ ಸ್ಟೇಷನ್ನು" ಅಂದ. ನಾನೂ ನಕ್ಕೆ. ನಮ್ಮ ಕಡೆಯವರಿಗೆ ಇದು ಅಭ್ಯಾಸ ಆಗಿಹೋಗಿದೆ ಬಿಡಿ. ಪ್ರಕೃತಿ ಸೌಂದರ್ಯ ಅಂದ ಕೂಡಲೇ ಕನ್ನಡದವರ ತಲೆ ಆಗುಂಬೆ, ಕುದುರೆಮುಖ, ಜೋಗದ ಕಡೆ ತಿರುಗುತ್ತದೆ. ಬಯಲುಸೀಮೆಗೆ ಸಿಗುವುದೇನಿದ್ದರೂ ಕನಿಕರ ಮಾತ್ರ. ಅವನಿಗೆ ಊರ ಹೆಸರು ಹೇಳಿ ಬೆಚ್ಚಿಬೀಳಿಸಿದ್ದು ನನಗೆ ಒಳಗೊಳಗೇ ಖುಷಿ ಕೊಟ್ಟಿತು.

ಆದರೆ ಅವನಿಗೆ ಹೇಳದೇ ಬಿಟ್ಟ ಮಾತೊಂದಿದೆ. ಆ ಫೋಟೋದಲ್ಲಿ ಒಂದು ಸುಳ್ಳಿದೆ. ಇವತ್ತು ಬರೆಯುತ್ತಿರುವುದು ಆ ಸುಳ್ಳಿನ ಬಗ್ಗೆಯೇ.

ಅದಕ್ಕೆ ಮೊದಲು ನಮ್ಮ ರಸ್ತೆಯ ಕತೆ ಸ್ವಲ್ಪ ಹೇಳಿಬಿಡುತ್ತೇನೆ.

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ಒಂದೇ ಹೆದ್ದಾರಿ, ಎಲ್ಲಾ ಸೇರಿ ಬೈಕಿನಲ್ಲಿ ಒಂದೂವರೆ ತಾಸಿನ ದಾರಿ. ದಕ್ಷಿಣಕ್ಕೆ ತುಂಗಭದ್ರೆ, ಉತ್ತರಕ್ಕೆ ಕೃಷ್ಣೆ, ನಡುವೆ ನಾವು. ಇತಿಹಾಸದ ಪುಸ್ತಕಗಳಲ್ಲಿ ಇದು ರಾಯಚೂರು ದೋಆಬ್; ವಿಜಯನಗರದವರೂ ಬಹಮನಿಗಳೂ ಇದಕ್ಕಾಗಿಯೇ ತಲೆಮಾರುಗಟ್ಟಲೆ ಬಡಿದಾಡಿದರು. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡುವಾಗ "ಇಂಥಾ ಊರಿಗೆ ಯಾಕೆ ಜಗಳ ಆಡಿದರೋ" ಅನ್ನಿಸುತ್ತಿತ್ತು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರುವವರೆಗೂ ಆ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಒಂದು ಸಲವೂ ಬಸ್ಸಿನ ಕಿಟಕಿಯಿಂದ ಏನನ್ನೂ ನೋಡಿದ ನೆನಪಿಲ್ಲ. ನೋಡೋಕೆ ಶುರು ಮಾಡಿದ್ದು, ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದನ್ನು ಕೊಂಡಾಗ.

ಕ್ಯಾಮೆರಾ ಸೌಂದರ್ಯವನ್ನೇನೂ ತಂದುಕೊಡಲಿಲ್ಲ. ಅದು ಮಾಡಿದ ಉಪಕಾರ ಒಂದೇ, ನಿಲ್ಲೋದಕ್ಕೆ ಒಂದು ನೆಪ ಕೊಟ್ಟಿತು. ನಮ್ಮೂರಲ್ಲಿ ರಸ್ತೆ ಬದಿ ಹತ್ತು ನಿಮಿಷ ಸುಮ್ಮನೆ ನಿಂತರೆ "ಗಾಡಿ ಪಂಚರ್ ಆಗೈತೇನ್ರೀ?" ಅಂತ ಮೂರು ಜನ ಕೇಳ್ತಾರೆ. ಕೊರಳಲ್ಲಿ ಕ್ಯಾಮೆರಾ ಇದ್ದರೆ ಕೇಳೋದಿಲ್ಲ. ತಲೆ ಕೆಟ್ಟಿದೆ ಅಂದುಕೊಂಡು ಹೋಗ್ತಾರೆ :)

ನಿಂತ ಮೇಲೆ ಕಂಡದ್ದು ಹಕ್ಕಿಗಳು. ಮೊದಮೊದಲು ಬಿಳಿಯದೆಲ್ಲ ಬೆಳ್ಳಕ್ಕಿ, ಕರಿಯದೆಲ್ಲ ಕಾಗೆ. ಆಮೇಲೆ ಒಂದೊಂದೇ ಬಿಡಿಸಿಕೊಂಡವು. ದನದ ಬೆನ್ನ ಮೇಲೆ ಕೂತು ಬರುವ ಗೋವಕ್ಕಿ ಬೇರೆ, ಕಾಲುವೆಯ ಅಂಚಿನಲ್ಲಿ ಧ್ಯಾನಕ್ಕೆ ನಿಂತ ಬೆಳ್ಳಕ್ಕಿ ಬೇರೆ. ಕೆಂಪು ಕಡ್ಡಿಯಂಥ ಉದ್ದ ಕಾಲುಗಳ ಮೆಟ್ಟುಗಾಲು ಹಕ್ಕಿ, ಬಾಗಿದ ಕೊಕ್ಕನ್ನು ಸೂಜಿಯ ಹಾಗೆ ಕೆಸರಿಗೆ ಚುಚ್ಚಿ ತೆಗೆಯುವ ಮಿಂಚು ಕೆಂಬರಲು, ಬಾಲದ ಹತ್ತಿರ ಗುಲಾಬಿ ಬಣ್ಣ ಮೆತ್ತಿಕೊಂಡ ಬಣ್ಣದ ಕೊಕ್ಕರೆ. ವಿದ್ಯುತ್ ತಂತಿಯ ಮೇಲೆ ಮಣ್ಣುಬಣ್ಣದ ಮುದ್ದೆಯಂತೆ ಕೂತಿದ್ದು ಹಾರಿದ ಕ್ಷಣದಲ್ಲಿ ನೀಲಿಯನ್ನು ಬಿಚ್ಚಿ ತೋರಿಸುವ ನೀಲಕಂಠ. ನಮ್ಮ ರಾಜ್ಯಪಕ್ಷಿ ಅದು. ಇಷ್ಟು ವರ್ಷ ನನ್ನ ತಲೆಯ ಮೇಲಿನ ತಂತಿಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಹೆಸರು ಗೊತ್ತಾದ ಮೇಲೆ ನೋಟವೇ ಬದಲಾಗುತ್ತದೆ ಅನ್ನೋದು ನನಗೆ ಆಗ ತಿಳಿಯಿತು. ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಫೋಟೋ ತೆಗೆದು 'ಕನ್ನಡನಾಡಿನ ಹಕ್ಕಿಗಳು' ಬರೆದದ್ದು ಎಷ್ಟು ದೊಡ್ಡ ಕೆಲಸ ಅಂತ ಅರ್ಥವಾದದ್ದೂ ಆಗಲೇ. ಹೆಸರಿಲ್ಲದ ಹಕ್ಕಿ ಹಾರಿಹೋದರೆ ಆಕಾಶ ಅಷ್ಟೇ ಇರುತ್ತದೆ. ಹೆಸರಿರುವ ಹಕ್ಕಿ ಬರದೇ ಹೋದರೆ ಆಕಾಶದಲ್ಲಿ ಒಂದು ತೂತು ಬಿದ್ದ ಹಾಗಾಗುತ್ತದೆ.

ಇನ್ನು ಆಕಾಶ. ಇದರಲ್ಲಿ ಮಲೆನಾಡಿನವರು ನಮ್ಮ ಹತ್ತಿರ ಸ್ಪರ್ಧೆಗೆ ಬರಲೇಬಾರದು! ಅಲ್ಲಿ ಆಕಾಶವನ್ನು ಮರಗಳೂ ಗುಡ್ಡಗಳೂ ಹಂಚಿಕೊಂಡಿರುತ್ತವೆ, ನಿಮಗೆ ಸಿಗುವುದು ಒಂದು ತುಣುಕು. ನಮ್ಮದು ಈ ತುದಿಯಿಂದ ಆ ತುದಿ. ಜೂನ್ ತಿಂಗಳ ಸಂಜೆ ಮಸ್ಕಿಯ ಬಂಡೆಗುಡ್ಡದ ಮೇಲೆ ಹತ್ತಿ ನಿಂತರೆ ಪಶ್ಚಿಮದಿಂದ ಮೋಡ ಬರುವುದು ಹಿಂಡು ದನ ಊರಿಗೆ ಬಂದ ಹಾಗೆ ಕಾಣುತ್ತದೆ. ಕೆಳಗೆ ಬೂದಿ, ಮೇಲೆ ಕಿತ್ತಳೆ, ಅಂಚಿಗೆ ಬೆಂಕಿ. ದೂರದಲ್ಲಿ ಎಲ್ಲೋ ಒಂದು ಊರಿನ ಮೇಲೆ ಮಾತ್ರ ಮಳೆಯ ಪರದೆ ಇಳಿದಿರುವುದು ಇಲ್ಲಿಂದಲೇ ಕಾಣುತ್ತದೆ.

ಆದರೆ ಆ ಮೋಡ ನಮಗೆ ಮಳೆ ಕೊಡುತ್ತದೆ ಅಂತೇನಿಲ್ಲ. ನಾವು ಮಳೆನೆರಳಿನವರು. ಘಟ್ಟದಲ್ಲಿ ಸುರಿದು ಹಗುರಾದ ಮೋಡಗಳು ನಮ್ಮ ತಲೆಯ ಮೇಲೆ ಮೆರವಣಿಗೆ ಹೋಗುತ್ತವೆ ಅಷ್ಟೆ. ನಾನು ಗುಡ್ಡದ ಮೇಲಿನಿಂದ ತೆಗೆದ ಅಂಥದೊಂದು ಮೋಡದ ಫೋಟೋ ನೋಡಿ ಅಮ್ಮ "ಚಂದ ಐತಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು "ಆದ್ರ ಆವತ್ತು ಮಳಿ ಬರಲಿಲ್ಲ" ಅಂದಳು. ನನಗೆ ಅದು ಶಟರ್ ಸ್ಪೀಡು, ಅಪರ್ಚರು. ಅವಳಿಗೆ ಅದು ತಾರೀಖು.

ಹೂವಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹೂದೋಟಗಳಿಲ್ಲ, ಹೊಲಗಳಿವೆ. ಹತ್ತಿಯ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ಅರಳಿದ ದಿನ ಕೆನೆಬಣ್ಣ, ಮರುದಿನ ಗುಲಾಬಿ. ಒಂದೇ ಗಿಡದಲ್ಲಿ ನಿನ್ನೆಯ ಹೂವೂ ಇವತ್ತಿನ ಹೂವೂ ಎರಡು ಬಣ್ಣದಲ್ಲಿರುತ್ತವೆ. ತೊಗರಿ ಹೂ ಬಿಟ್ಟಾಗ ಲಿಂಗಸುಗೂರಿನ ಕಡೆ ಹೊಲಗಳ ಮೇಲೆ ಅರಿಶಿನ ಚೆಲ್ಲಿದ ಹಾಗೆ. ಬದುವಿನ ಮೇಲೆ ತಂಗಡಿ. ಅದನ್ನು ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ, ಆದರೂ ಬಂಗಾರದಂಥ ಹೂ. ಕರಿಜಾಲಿಯ ಸಣ್ಣ ಹಳದಿ ಚೆಂಡುಗಳು. ರಸ್ತೆ ಬದಿಯ ಎಕ್ಕದ ಹೂ, ಮೇಣದಲ್ಲಿ ಮಾಡಿಟ್ಟ ಹಾಗೆ. ಬೇಸಿಗೆ ಕಾಲಿಡುವಾಗ ಬೇವಿನ ಹೂವಿನ ವಾಸನೆ, ಅದು ಮಾತ್ರ ಯಾವ ಕ್ಯಾಮೆರಾಕ್ಕೂ ಸಿಗೋದಿಲ್ಲ.

ಸರಿ, ಈಗ ಸುಳ್ಳಿಗೆ ಬರೋಣ.

ಫೋಟೋ ಹುಚ್ಚು ಹತ್ತಿದವರಿಗೆಲ್ಲ ಒಂದು ಹಂತದಲ್ಲಿ ಸ್ಪರ್ಧೆಗಳ ಹುಚ್ಚೂ ಹತ್ತುತ್ತದೆ. ನನಗೂ ಹತ್ತಿತು. ಅಲ್ಲಿ 'ನೇಚರ್' ಅಂತ ಒಂದು ವಿಭಾಗ ಇರುತ್ತದೆ, ಅದಕ್ಕೆ ಒಂದು ವ್ಯಾಖ್ಯೆ ಇದೆ. ಎಫ್‌ಐಎಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ, ಅಮೆರಿಕದ ಪಿಎಸ್‌ಎ, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಸೇರಿ ೨೦೧೪ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ. ಅದರ ಸಾರಾಂಶ ಇಷ್ಟು: ಪ್ರಕೃತಿಯ ಚಿತ್ರದಲ್ಲಿ ಮನುಷ್ಯನ ಗುರುತು ಇರಕೂಡದು. ಸಾಕುಪ್ರಾಣಿ ಸಲ್ಲದು. ಬೆಳೆಸಿದ ಗಿಡ ಸಲ್ಲದು. ಮನುಷ್ಯ ಬದಲಾಯಿಸಿದ ಪರಿಸರಕ್ಕೆ ಒಗ್ಗಿಕೊಂಡ ಕೊಕ್ಕರೆ, ಕಣಜದ ಗೂಬೆಯಂಥವಕ್ಕೆ ಸ್ವಲ್ಪ ವಿನಾಯಿತಿ ಉಂಟು.

ಇದನ್ನು ಓದಿ ನನ್ನ ಫೋಲ್ಡರ್ ತೆರೆದು ಕೂತೆ. ಹತ್ತಿ ಹೂ, ಬೆಳೆಸಿದ್ದು, ಔಟ್. ತೊಗರಿ ಔಟ್. ಸೂರ್ಯಕಾಂತಿ ಔಟ್. ದನದ ಬೆನ್ನಿನ ಗೋವಕ್ಕಿ, ದನ ಇದೆ, ಔಟ್. ತಂತಿಯ ಮೇಲಿನ ನೀಲಕಂಠ, ತಂತಿ ಇದೆ, ಅನುಮಾನ. ಕಾಲುವೆಯ ಮಿಂಚುಳ್ಳಿ, ಸಿಮೆಂಟಿನ ಅಂಚು ಕಾಣುತ್ತಿದೆ. ಟೆಸ್ಟ್ ಕೇಸುಗಳು ಒಂದಾದ ಮೇಲೊಂದು ಫೇಲ್ ಆದ ಹಾಗೆ. ಕೊನೆಗೆ ಉಳಿದದ್ದು ತಂಗಡಿ ಹೂ ಮತ್ತು ಮೋಡ!

ಬೆಳ್ಳಕ್ಕಿಯ ಆ ಫೋಟೋದ ಬಲಗಡೆ ಒಂದು ಟ್ರ್ಯಾಕ್ಟರ್ ಇತ್ತು. ಕೇಜ್ ವ್ಹೀಲ್ ಹಾಕಿ ಕೆಸರು ಮಾಡುತ್ತಿದ್ದ ಕೆಂಪು ಟ್ರ್ಯಾಕ್ಟರ್, ಅದರ ಮೇಲೆ ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್. ಫೋಟೋಗ್ರಫಿ ಗೊತ್ತಿದ್ದ ಹಿರಿಯರೊಬ್ಬರು "ಎಡಗಡೆ ಅದ್ಭುತ ಇದೆ, ಬಲಗಡೆ ಕತ್ತರಿಸು" ಅಂದರು. ಕತ್ತರಿಸಿದೆ. ಎರಡು ಸೆಕೆಂಡಿನ ಕೆಲಸ. ಫೋಟೋ ಶಾಂತವಾಯಿತು, ಕಾಡಿನ ಮೂಲೆಯ ಕೊಳದ ಹಾಗೆ ಕಂಡಿತು. ಕೇರಳ ಆಯಿತು.

ಮುಂದಿನ ಸಲ ಊರಿಗೆ ಹೋದಾಗ ಅದನ್ನು ಲ್ಯಾಪ್‌ಟಾಪಿನಲ್ಲಿ ನಮ್ಮ ಸೋದರಮಾವನಿಗೆ ತೋರಿಸಿದೆ. ಮಾವನ ಹೊಲ ಮಸ್ಕಿ ಕಡೆ, ಉಪಕಾಲುವೆಯೊಂದರ ಕೊನೆಯಲ್ಲಿ. ಫೋಟೋ ನೋಡಿದವರೇ ಕೇಳಿದ ಮೊದಲ ಪ್ರಶ್ನೆ: "ಟ್ರ್ಯಾಕ್ಟರ್ ಎಲ್ಲಿ?"

ನಾನು ತಬ್ಬಿಬ್ಬಾದೆ. "ಯಾವ ಟ್ರ್ಯಾಕ್ಟರ್?"

"ಅಲ್ಲೋ, ಟ್ರ್ಯಾಕ್ಟರ್ ಇಲ್ದ ಇಷ್ಟು ಬೆಳ್ಳಕ್ಕಿ ಹಿಂಗ ಒಂದ ಕಡಿ ಕೂಡಂಗಿಲ್ಲ. ಅದು ಮಣ್ಣು ತಿರುವಿದಾಗ ಹುಳ ಮ್ಯಾಲ ಬರ್ತಾವು. ಅದಕ್ಕ ಬಂದಾವು ಅವು."

ಆಮೇಲೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಾ ಕೂತು, ಯಾರಿಗೂ ಹೇಳದ ಹಾಗೆ ಅಂದರು: "ನೀರು ಭಾಳ ಐತಿ ಅಲ್ಲಿ."

ಅಷ್ಟೇ ಅಂದದ್ದು. ಆ ವರ್ಷ ಅವರ ಕಾಲುವೆಯ ನೀರು ಮೇಲಿನ ಹೊಲಗಳವರೆಗೆ ಬಂದು ನಿಂತುಹೋಗಿತ್ತು. ಅವರು ಕೆಳಗಿನ ನಾಲ್ಕು ಎಕರೆ ಬಿತ್ತದೇ ಬಿಟ್ಟಿದ್ದರು.

ಇದಕ್ಕೊಂದು ಹಿನ್ನೆಲೆ ಇದೆ, ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು. ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟು ಆದದ್ದು ೧೯೫೩ರಲ್ಲಿ. ಅದರ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ರಾಯಚೂರಿನವರೆಗೆ ೨೨೭ ಕಿಲೋಮೀಟರ್ ಹೋಗುತ್ತದೆ. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಮುಖ್ಯವಾಗಿ ಬರ ತಡೆಯುವ ಕಾಲುವೆ. ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಸ್ವಲ್ಪ ಭಾಗ ಮಾತ್ರ. ಸ್ವಲ್ಪ ಸ್ವಲ್ಪ ನೀರು, ಬಹಳ ಜನಕ್ಕೆ. ಆಮೇಲೆ ಆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದು ನೆಲ ಕೊಂಡವರು ಭತ್ತ ಬೆಳೆಯುವುದನ್ನು ತೋರಿಸಿಕೊಟ್ಟರು. ಸಿಂಧನೂರಿನ ಸುತ್ತ 'ಕ್ಯಾಂಪ್' ಅಂತ ಕೊನೆಗೊಳ್ಳುವ ಊರುಗಳು ಅವರವೇ ಎಷ್ಟೋ. ಭತ್ತದಲ್ಲಿ ದುಡ್ಡು ಕಂಡ ಮೇಲೆ ನಮ್ಮವರೂ ಅದನ್ನೇ ಹಿಡಿದರು. ತಲೆಯ ಕಡೆಯವರು ಭತ್ತ ಹಾಕಿದರೆ ಬಾಲದ ಕಡೆಯವರಿಗೆ ನೀರು ಮುಟ್ಟುವುದಿಲ್ಲ. ಜೊತೆಗೆ ಅಣೆಕಟ್ಟಿನಲ್ಲೂ ಹೂಳು. ಮೊದಲು ಸುಮಾರು ೧೩೩ ಟಿಎಂಸಿ ಹಿಡಿಯುತ್ತಿದ್ದದ್ದು ಈಗ ೧೦೫ರ ಆಸುಪಾಸು.

ಇದರಲ್ಲಿ ಯಾರನ್ನು ಕಳ್ಳ ಅನ್ನೋಣ? ಮೇಲಿನವನೂ ಸಾಲ ಮಾಡಿಯೇ ಬೆಳೆಯುತ್ತಾನೆ. ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ನಾನು ಹೇಳುತ್ತಿರುವುದು ನನ್ನ ಫೋಟೋದ ಬಗ್ಗೆ. ಆ ಕೆಸರಿನಲ್ಲಿ ಬಿದ್ದ ಆಕಾಶ, ಆ ಬೆಳ್ಳಕ್ಕಿ, ಆ ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆ ಎಲ್ಲವೂ ಅಷ್ಟು ಸಂಖ್ಯೆಯಲ್ಲಿ ಅಲ್ಲಿ ಬಂದು ಸೇರುವುದು ಕಾಲುವೆ ಮತ್ತು ಭತ್ತದ ದೆಸೆಯಿಂದ. ಆ ಸೌಂದರ್ಯಕ್ಕೆ ಕಾರಣ ಇದೆ. ಆ ಕಾರಣವೇ ಮೂವತ್ತು ಕಿಲೋಮೀಟರ್ ಆಚೆ ನಮ್ಮ ಮಾವನ ಒಣಗಿದ ಕಾಲುವೆಗೂ ಕಾರಣ. ಎರಡೂ ಒಂದೇ ನೀರಿನ ಎರಡು ಫೋಟೋಗಳು. ನಾನು ಒಂದನ್ನು ಮಾತ್ರ ತೆಗೆದು, ಅದರಿಂದಲೂ ಟ್ರ್ಯಾಕ್ಟರನ್ನು ಕತ್ತರಿಸಿ, "ನೋಡಿ ಪ್ರಕೃತಿ" ಅಂತ ತೋರಿಸುತ್ತಿದ್ದೆ.

ಮಸ್ಕಿಯಿಂದ ಲಿಂಗಸುಗೂರಿನ ಕಡೆ ಇನ್ನೂ ಮೇಲೆ ಹೋದರೆ ಕಾಲುವೆಯೇ ತಲುಪದ ಊರುಗಳಿವೆ. ಪಾಮನಕಲ್ಲೂರಿನ ಸುತ್ತಮುತ್ತಲಿನ ರೈತರು ೨೦೨೦ರ ಕೊನೆಯಲ್ಲಿ ನಾರಾಯಣಪುರ ಬಲದಂಡೆಯ ೫ಎ ಕಾಲುವೆ ಬೇಕು ಅಂತ ಧರಣಿ ಕೂತು ತಿಂಗಳುಗಟ್ಟಲೆ ಏಳಲಿಲ್ಲ. ಆ ಕಡೆ ನಾನು ತೆಗೆದ ಸೂರ್ಯಾಸ್ತದ ಫೋಟೋಗಳು ಬಹಳ ಚೆನ್ನಾಗಿವೆ. ಯಾಕೆ ಅಂದರೆ ನಡುವೆ ಅಡ್ಡ ಬರುವ ಹಸಿರೇನೂ ಇಲ್ಲ.

ಹಸಿರು ಬಂದರೆ ಎಲ್ಲ ಹಕ್ಕಿಗೂ ಒಳ್ಳೆಯದು ಅಂತಲೂ ತಿಳಿಯಬೇಡಿ. ತುಂಗಭದ್ರೆ ದಾಟಿದರೆ ಆಚೆ ಸಿರುಗುಪ್ಪ ತಾಲೂಕು. ಅಲ್ಲಿನ ಎರೆಹೊಲಗಳಲ್ಲಿ ಎರೆಭೂತ ಅನ್ನುವ ದೊಡ್ಡ ಹಕ್ಕಿ ಇದೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಇಡೀ ದೇಶದಲ್ಲೇ ನೂರೈವತ್ತರ ಆಸುಪಾಸು ಉಳಿದಿರುವ ಜಾತಿ. ಸಿರುಗುಪ್ಪದಲ್ಲಿ ಕಂಡಿರುವುದು ಕೈಬೆರಳೆಣಿಕೆಯಷ್ಟು. ಅದಕ್ಕೆ ಬೇಕಾದದ್ದು ಒಣ ಹುಲ್ಲು, ಬಯಲು, ಕಡಲೆ ಜೋಳದ ಹೊಲ, ಅಂದರೆ ನಾವೆಲ್ಲ 'ಬರಡು' ಅನ್ನುವ ಜಾಗ. ನೀರು ಬಂದು ಗದ್ದೆಯಾದ ಕಡೆ ಬೆಳ್ಳಕ್ಕಿಗೆ ಮನೆಯಾಗುತ್ತದೆ, ಎರೆಭೂತಕ್ಕೆ ಮನೆ ಹೋಗುತ್ತದೆ. ನಮ್ಮ ಈಚೆ ದಂಡೆಯ ಎರೆನೆಲ ಗದ್ದೆಯಾಗುವ ಮುಂಚೆ ಯಾವ ಹಕ್ಕಿ ಓಡಾಡುತ್ತಿತ್ತೋ. ಅವುಗಳ ಫೋಟೋ ಯಾರೂ ತೆಗೆದಿಟ್ಟಿಲ್ಲ, ನಮಗೆ ಕಳೆದುಕೊಂಡದ್ದೂ ಗೊತ್ತಿಲ್ಲ. ಹಸಿರೊಂದೇ ಸೌಂದರ್ಯ ಅನ್ನುವ ನಮ್ಮ ಕಣ್ಣಿನ ಅಭ್ಯಾಸ ಇದೆಯಲ್ಲ, ಅದು ಕೂಡ ಅಷ್ಟು ಮುಗ್ಧವಲ್ಲ.

ನೀರಿನ ಫೋಟೋದ್ದೂ ಇದೇ ಕತೆ. ಲಿಂಗಸುಗೂರಿನಿಂದ ಉತ್ತರಕ್ಕೆ ಹೋದರೆ ಜಲದುರ್ಗ. ಕೃಷ್ಣೆ ಅಲ್ಲಿ ಸೀಳಿಕೊಂಡು ನಡುಗಡ್ಡೆಗಳನ್ನು ಸುತ್ತುವರಿದು ಹರಿಯುತ್ತದೆ, ಮೇಲೆ ಹಳೆಯ ಕೋಟೆ. ನಾರಾಯಣಪುರದ ಗೇಟು ತೆರೆದ ಸುದ್ದಿ ಬಂದ ಕೂಡಲೇ ನಮ್ಮಂಥವರೆಲ್ಲ ಕ್ಯಾಮೆರಾ ಹಿಡಿದು ಹೊರಡುತ್ತೇವೆ. ಅದೇ ಹೊತ್ತಿಗೆ ಶೀಲಹಳ್ಳಿಯ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳ ದಾರಿ ಬಂದಾಗಿರುತ್ತದೆ. ಹುಷಾರಿಲ್ಲದವರನ್ನು ಆಚೆ ದಾಟಿಸುವುದು ಹೇಗೆ ಅನ್ನುವ ಚಿಂತೆ ಅವರಿಗೆ. ಕೋಟೆಯ ಮೇಲಿಂದ ನೋಡಿದರೆ ಇದೇನೂ ಕಾಣೋದಿಲ್ಲ. ಬರೀ ನೊರೆ, ಮಂಜು, ಸದ್ದು.

೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೇ ಗೇಟು ಕಿತ್ತುಹೋದದ್ದು ನಿಮಗೆಲ್ಲ ನೆನಪಿರಬೇಕು. ಮರುದಿನ ಬೆಳಿಗ್ಗೆ ನನಗೆ ಬಂದ ಫೋಟೋಗಳಲ್ಲಿ ಆ ನೀರು ಎಷ್ಟು ಬೆಳ್ಳಗೆ, ಎಷ್ಟು ಭವ್ಯವಾಗಿ ಇತ್ತೆಂದರೆ ಮೊದಲ ಕ್ಷಣ "ಆಹಾ" ಅಂದೇಬಿಟ್ಟೆ. ಎರಡನೇ ಕ್ಷಣ ಮನೆಗೆ ಫೋನ್ ಮಾಡಿದೆ. ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತು ಟಿಎಂಸಿ ಎಣಿಸುತ್ತಿದ್ದರು. ಹರಿದುಹೋಗುತ್ತಿದ್ದದ್ದು ಅವರ ಬೆಳೆ. ವಾರದೊಳಗೆ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ ಸುದ್ದಿ ಬಂದಾಗ ನಮ್ಮಪ್ಪ ಅತ್ತದ್ದನ್ನು ಅಮ್ಮ ಹೇಳಿದಳು. ಅದೇ ನೀರು, ಎರಡು ಕಣ್ಣು.

ಹಾಗಾದರೆ ಚಂದ ನೋಡೋದೇ ತಪ್ಪಾ? ಪ್ರತಿ ಹೂವಿನ ಹಿಂದೆ ಒಂದು ಸಾಲದ ಕತೆ ಹುಡುಕುತ್ತಾ ಅಳುತ್ತಾ ಕೂರಬೇಕಾ? ಸ್ವಲ್ಪ ದಿನ ನನಗೂ ಹಾಗನ್ನಿಸಿ ಕ್ಯಾಮೆರಾ ಮುಟ್ಟಿರಲಿಲ್ಲ. ಸೌಂದರ್ಯ ಹೊಟ್ಟೆ ತುಂಬಿದವರ ಚಟ, ರೈತರಿಗೆ ಇದೆಲ್ಲ ಎಲ್ಲಿ, ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ.

ಈಗ ಅನ್ನಿಸುತ್ತದೆ, ಅದು ಇನ್ನೊಂದು ಸುಳ್ಳು. ಅದೂ ರೈತರನ್ನು ಕಡಿಮೆ ಮಾಡುವ ಸುಳ್ಳು. ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಇಡೀ ಮನೆ ಬಂಡಿ ಕಟ್ಟಿಕೊಂಡು (ಈಗ ಟ್ರ್ಯಾಕ್ಟರು!) ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು. ಉಣ್ಣುವ ಮುಂಚೆ ಹೊಲದ ತುಂಬಾ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಹಕ್ಕಿಗಳಿಗೂ ಅದರಲ್ಲಿ ಪಾಲು. ಆಮೇಲೆ ಎಲ್ಲರೂ ನಿಂತ ಬೆಳೆಯನ್ನು ಸುಮ್ಮನೆ ನೋಡುತ್ತಾ ಕೂರುತ್ತಾರೆ. ಕೆಲಸ ಮಾಡೋಕಲ್ಲ, ಬರೀ ನೋಡೋಕೆ. ವರ್ಷಕ್ಕೊಂದು ದಿನ ನೋಡುವುದಕ್ಕಾಗಿಯೇ ಹಬ್ಬ ಮಾಡಿಕೊಂಡ ಜನಕ್ಕೆ ಸೌಂದರ್ಯ ಗೊತ್ತಿಲ್ಲ ಅನ್ನೋದಕ್ಕೆ ನಮಗೆಷ್ಟು ಧೈರ್ಯ! ವ್ಯತ್ಯಾಸ ಇಷ್ಟೇ. ಅವರ ಚಂದದಲ್ಲಿ ನೀರು, ಬೆವರು, ಹಕ್ಕಿ, ಎತ್ತು, ಭಯ ಎಲ್ಲಾ ಒಟ್ಟಿಗೆ ಇರುತ್ತವೆ. ಅವರು ಕ್ರಾಪ್ ಮಾಡೋದಿಲ್ಲ. (ಕ್ರಾಪ್ ಅಂದರೆ ಬೆಳೆ ಅಂತಲೂ ಅರ್ಥ ಇರೋದು ಈಗ ಹೊಳೆಯಿತು :))

ಮಸ್ಕಿಯ ಬಂಡೆಯ ಕತೆಯೊಂದು ನನಗೆ ಬಹಳ ಇಷ್ಟ. ೧೯೧೫ರಲ್ಲಿ ನಿಜಾಮ್ ಸರ್ಕಾರದ ಬೀಡನ್ ಎಂಬ ಎಂಜಿನಿಯರ್ ಚಿನ್ನ ಹುಡುಕುತ್ತಾ ಅಲ್ಲಿಗೆ ಬಂದವನು. ಸಿಕ್ಕಿದ್ದು ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ' ಅಂತ ಮಾತ್ರ ಇದ್ದ ರಾಜ ಯಾರು ಅನ್ನೋದಕ್ಕೆ ಉತ್ತರ ನಮ್ಮೂರ ಬಂಡೆಯಲ್ಲಿತ್ತು: ಅಶೋಕ. ಎರಡು ಸಾವಿರ ವರ್ಷಕ್ಕೂ ಮೇಲೆ ಕುರಿ ಕಾಯುವವರು ಅದರ ನೆರಳಲ್ಲಿ ಕೂತು ಹೋಗಿದ್ದರು. ನೋಡುವುದು ಬೇರೆ, ಓದುವುದು ಬೇರೆ. ಅದೇ ಅಶೋಕ ಉತ್ತರದ ತನ್ನ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿ ಕೊಟ್ಟಿದ್ದಾನೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಅಂತ ಒಂದೊಂದನ್ನೂ ಹೆಸರು ಹಿಡಿದು. ಸುಮ್ಮನೆ 'ಹಕ್ಕಿಗಳು' ಅಂದು ಮುಗಿಸಿಲ್ಲ. ಕಾಪಾಡಬೇಕಾದರೆ ಹೆಸರು ಗೊತ್ತಿರಬೇಕು ಅನ್ನೋದು ಅವತ್ತೇ ಗೊತ್ತಿತ್ತು ಅಂತ ಕಾಣುತ್ತದೆ.

ಹಾಗಾಗಿ ನಾನು ಹೇಳೋದಿಷ್ಟೇ. ಸ್ಪರ್ಧೆಯವರ ನಿಯಮ ಸ್ಪರ್ಧೆಗೆ ಇರಲಿ, ಅವರಿಗೆ ಅವರ ಕಾರಣಗಳಿವೆ. ಆದರೆ ನಾವು ನಮ್ಮ ಕಣ್ಣಿಗೂ ಅದೇ ನಿಯಮ ಹಾಕಿಕೊಳ್ಳುವುದು ಬೇಡ. ಮನುಷ್ಯನಿಲ್ಲದ ಪ್ರಕೃತಿ ಬೇರೆ ಎಲ್ಲಾದರೂ ಇರಬಹುದು, ನಮ್ಮ ದೋಆಬಿನಲ್ಲಿ ಇಲ್ಲ. ಇಲ್ಲಿ ಹಕ್ಕಿ ಬಂದರೆ ಯಾರೋ ಕಾಲುವೆ ತೋಡಿದ್ದಕ್ಕೆ, ಬರದಿದ್ದರೆ ಯಾರೋ ಹುಲ್ಲುಗಾವಲು ಉತ್ತದ್ದಕ್ಕೆ. ಫೋಟೋ ತೆಗೆಯುವವನು ಮಾಡಬೇಕಾದ ಪ್ರಾಯಶ್ಚಿತ್ತ ಏನೂ ಇಲ್ಲ. ತಿಳಿದುಕೊಂಡರೆ ಸಾಕು. ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗದೇ ಉಳಿಯಿತು, ಈ ಹಕ್ಕಿಯ ಹೆಸರೇನು, ಇದು ಇಲ್ಲಿ ಯಾಕಿದೆ. ಇಷ್ಟು ತಿಳಿದ ಮೇಲೂ ಚಂದ ಕಂಡರೆ ಅದು ಗಟ್ಟಿ ಚಂದ. ನನಗಂತೂ ತಿಳಿದ ಮೇಲೆ ಹೆಚ್ಚೇ ಕಂಡಿದೆ.

ಆ ಫೋಟೋದ ಮೂಲ ಫೈಲು ಅದೃಷ್ಟಕ್ಕೆ ಅಳಿಸಿರಲಿಲ್ಲ. ಕತ್ತರಿಸದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮಾವನಿಗೆ ಕೊಟ್ಟೆ. ಕೆಂಪು ಟ್ರ್ಯಾಕ್ಟರ್, ಟವೆಲ್ ಸುತ್ತಿದ ಡ್ರೈವರ್, ಅವನ ಹಿಂದೆ ಮದುವೆ ದಿಬ್ಬಣದ ಹಾಗೆ ಬೆಳ್ಳಕ್ಕಿಗಳು. ಮಾವ ನೋಡಿ, "ಈಗ ಖರೇ ಆತು" ಅಂದರು. ಆಮೇಲೆ, "ಆದ್ರ ಡ್ರೈವರ್ ಮಾರಿ ಕಾಣವಲ್ದು. ನಾಕ ಹೆಜ್ಜಿ ಮುಂದ ಹೋಗಿ ತೆಗಿಬೇಕಿತ್ತು" ಅಂತ ತಪ್ಪನ್ನೂ ಹಿಡಿದರು. ಯಾವ ತೀರ್ಪುಗಾರರೂ ಹೇಳದ ಮಾತು.

ಈ ಸಲದ ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಹೋಗಿದ್ದೆ. ಕಾಲುವೆ ನಂಬೋದು ಬಿಟ್ಟು ಎರೆನೆಲದ ಹಸಿಯ ಮೇಲೇ ಹಿಂಗಾರಿ ಜೋಳ ಹಾಕಿದ್ದರು. ಆಳೆತ್ತರ ನಿಂತಿತ್ತು. ಚರಗ ಚೆಲ್ಲಿ ಆದಮೇಲೆ ಜೋಳದ ಮೇಲೆ ಕಾಜಾಣವೊಂದು ಬಂದು ಕೂತಿತು, ಹಿಂದೆ ತೊಳೆದಿಟ್ಟಂಥ ನೀಲಿ ಆಕಾಶ. ನಾನು ಕ್ಯಾಮೆರಾ ಎತ್ತಿದೆ. ಮಾವ ಸರಿಯಾಗಿ ಫ್ರೇಮಿನ ನಟ್ಟನಡುವೆ ಬಂದು, ಅಂಗಿ ಕೊಡವಿಕೊಂಡು, ನೆಟ್ಟಗೆ ನಿಂತು, "ಹ್ಞೂಂ, ಈಗ ಹೊಡಿ" ಅಂದರು.

ಹೊಡೆದೆ. ಕಾಜಾಣವೂ ಬಂದಿದೆ.

ನಿಮ್ಮ ಫೋಲ್ಡರುಗಳಲ್ಲೂ ಹೀಗೆ ಕತ್ತರಿಸಿದ ಫೋಟೋಗಳು ಇರಬಹುದು. ಅಂಚಿನಲ್ಲಿ ಏನಿತ್ತು ಅಂತ ಒಮ್ಮೆ ತೆಗೆದು ನೋಡಿ. ಸಿಕ್ಕರೆ ನನಗೂ ಹೇಳಿ.